ಹನ್ನೆರಡು-ಹದಿಮೂರು

ಹನ್ನೆರಡು-ಹದಿಮೂರು ಎಂಬುದು ಒಂದು ಸ್ಪ್ಯಾನರ್‌ನ ಹೆಸರು. ಒಂದು ತುದಿ ಹನ್ನೆರಡರ ನಟ್ಟಿಗೆ, ಇನ್ನೊಂದು ತುದಿ ಹದಿಮೂರರ ನಟ್ಟಿಗೆ. ಟ್ರ್ಯಾಕ್ಟರ್ ರಿಪೇರಿಯವರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಮನೆಯ ಸೊಸೆ ಹುಟ್ಟಿ ಬೆಳೆದದ್ದು ದರ್ಜಿಯ ಮನೆಯಲ್ಲಿ.

ಮದುವೆಯಾದ ಒಂಬತ್ತನೆಯ ದಿನ ಅವಳು ಒಗೆದ ಬಟ್ಟೆಯ ಬುಟ್ಟಿ ಹಿಡಿದು ವರ್ಕ್‌ಶಾಪ್ ದಾಟಿ ಹಿತ್ತಲಿಗೆ ಹೋಗುತ್ತಿದ್ದಳು. ಮಾವ ಟ್ರ್ಯಾಕ್ಟರ್ ಅಡಿಯಲ್ಲಿ ಅಂಗಾತ ಮಲಗಿದ್ದರು. ಊರವರೆಲ್ಲ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅಲ್ಲಿಂದಲೇ ಕೈ ಚಾಚಿ, "ಯಾರದು? ಹನ್ನೆರಡು ಹದಿಮೂರು ಸ್ಪ್ಯಾನರ್ ತಾ, ಬೇಗ!" ಎಂದು ಕೂಗಿದರು. ಅಷ್ಟೊಂದು ಯಾಕಪ್ಪಾ ಎಂದುಕೊಂಡರೂ ಹೊಸ ಸೊಸೆ ತುಟಿ ಬಿಚ್ಚಲಿಲ್ಲ. ಬಟ್ಟೆಯನ್ನು ಬೆಂಚಿನ ಮೇಲೆ ಸುರಿದು, ಗೋಡೆಯ ಮೊಳೆಗಳಿಗೆ ನೇತುಹಾಕಿದ್ದ ಸ್ಪ್ಯಾನರ್‌ಗಳನ್ನು ಒಂದೊಂದಾಗಿ ಎಣಿಸಿ ಬುಟ್ಟಿಗೆ ಹಾಕಿದಳು. ಹನ್ನೆರಡೋ ಹದಿಮೂರೋ ಎಂದು ಅನುಮಾನವಾಯಿತು. ಕಡಿಮೆ ಬೀಳುವುದು ಬೇಡವೆಂದು ಹದಿಮೂರೇ ತಂದಳು. ಆ ಹದಿಮೂರರಲ್ಲಿ, ಬೇಕಾಗಿದ್ದ ಒಂದೇ ಒಂದು ಇರಲಿಲ್ಲ.

ಮೇಸ್ತ್ರಿ ಹೊರಗೆ ತೆವಳಿ ಬಂದು ಬುಟ್ಟಿ ನೋಡಿದರು, ಸೊಸೆಯ ಮುಖ ನೋಡಿದರು, ಆಮೇಲೆ ನಗಲು ಶುರು ಮಾಡಿದವರು ನಿಲ್ಲಿಸಲಿಲ್ಲ. "ಎಣಿಸ್ಕೊಂಡು ತಂದಿದ್ದಾಳಲ್ರೋ! ಹದಿಮೂರು! ಎಣಿಸ್ಕೊಂಡು!" ರಿಪೇರಿಗೆ ಕಾಯುತ್ತಿದ್ದ ರೈತರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಂದಿನಿಂದ ಅವಳ ಹೆಸರು ಹದಿಮೂರು. "ಹದಿಮೂರು, ಊಟಕ್ಕೆ ಹಾಕು." "ಹದಿಮೂರು, ನನ್ನ ಟವೆಲ್ ಎಲ್ಲಿ?" ಎಂಟು ವರ್ಷ ಹೀಗೇ ನಡೆಯಿತು. ಬೀದಿಯ ಹಾಲಿನವನೂ ಹದಿಮೂರಮ್ಮ ಎನ್ನುತ್ತಿದ್ದ. ಅಮ್ಮ ಸೇರಿಸಿದ್ದೇ ಅವನ ದೊಡ್ಡ ಮನಸ್ಸು.

ಹೆಸರಿಡುವುದರಲ್ಲಿ ಮೇಸ್ತ್ರಿಯದು ಎತ್ತಿದ ಕೈ. ಮದುವೆಯಾದ ಹೊಸದರಲ್ಲಿ ಒಂದು ಸಲ ಕೂಗಿದಾಗ ಓಗೊಡಲಿಲ್ಲವೆಂದು ಹೆಂಡತಿಗೆ ಕಿವುಡಿ ಎಂದು ಹೆಸರಿಟ್ಟಿದ್ದರು. ಅದಕ್ಕೀಗ ಮೂವತ್ತೈದು ವರ್ಷ. ಅತ್ತೆಯ ಕಿವಿಗೆ ಏನೂ ಆಗಿರಲಿಲ್ಲ. ಎರಡು ಬೀದಿ ಆಚೆ ತರಕಾರಿ ಗಾಡಿ ಬಂದರೂ ಕೇಳಿಸುತ್ತಿತ್ತು. ಕಿರಿಯ ಮಗನಿಗೆ ಮಾತ್ರ ಪ್ರೀತಿಯಿಂದ ಸಾಹೇಬ ಎಂದು ಹೆಸರು. ಹಿರಿಯವನಿಗೆ, ಅಂದರೆ ಸೊಸೆಯ ಗಂಡನಿಗೆ, ಅಡ್ಡಹೆಸರೇ ಇರಲಿಲ್ಲ. ಅವನು ವರ್ಕ್‌ಶಾಪಿನ ಮೂಲೆಯಲ್ಲಿ ವೆಲ್ಡಿಂಗ್ ಮಾಡಿಕೊಂಡಿದ್ದ. ಹೆಂಡತಿಯನ್ನು ಹದಿಮೂರು ಎಂದು ಕರೆಯುತ್ತಿರಲಿಲ್ಲ, ಕರೆಯಬೇಡಿ ಎಂದು ಯಾರಿಗೂ ಹೇಳುತ್ತಲೂ ಇರಲಿಲ್ಲ. ಅಪ್ಪ ಬಾಯಿ ತೆರೆದರೆ ಸಾಕು, ವೆಲ್ಡಿಂಗ್ ಮುಖವಾಡವನ್ನು ಗಲ್ಲದವರೆಗೂ ಎಳೆದುಕೊಳ್ಳುತ್ತಿದ್ದ.

ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಸೊಸೆ ಅನ್ನ ಬಡಿಸುತ್ತಿದ್ದಳು. ಅವಳ ಆರು ವರ್ಷದ ಮಗಳು ಬಾಯಿ ತುಂಬ ಆಲೂಗಡ್ಡೆ ಇಟ್ಟುಕೊಂಡು, "ಹದಿಮೂರು, ನೀರು ಕೊಡು" ಎಂದಳು.

ಸಾಹೇಬನ ಗಂಟಲಿಗೆ ಅನ್ನ ಸಿಕ್ಕಿಕೊಳ್ಳುವಷ್ಟು ನಗು ಬಂತು. ಮೇಸ್ತ್ರಿ ತೊಡೆ ತಟ್ಟಿಕೊಂಡು ನಕ್ಕರು. ಗಂಡ ತಟ್ಟೆಯನ್ನೇ ನೋಡುತ್ತಿದ್ದ. ಊಟಕ್ಕೆ ಕೂತಾಗ ಮುಖವಾಡ ಇರುವುದಿಲ್ಲವಲ್ಲ. ಸೊಸೆ ಸೌಟು ಹಿಡಿದು ನಿಂತೇ ಇದ್ದಳು. ಯಾರಾದರೂ ಮಗುವಿಗೆ ಒಂದು ಮಾತು ಹೇಳುತ್ತಾರೇನೋ ಎಂದು ಮಾವನ ಮುಖವನ್ನೇ ನೋಡಿದಳು.

"ಮಗು ತಾನೇ, ಬಿಡು" ಎಂದರು ಮೇಸ್ತ್ರಿ. "ನೀರು ಕೊಡು ಅದಕ್ಕೆ."

ಅವಳು ನೀರು ಕೊಟ್ಟಳು. ಆ ಕ್ಷಣದಿಂದ ಅವಳ ಹೊಟ್ಟೆಯೊಳಗೆ ಒಂದೇ ಒಂದು ಆಸೆ ಕೂತಿತು. ಈ ಮನುಷ್ಯ ಹತ್ತಾರು ಜನರ ಮುಂದೆ, ಎಣಿಸಿಕೊಂಡು ತಂದು, ಬೆಪ್ಪಾಗಿ ನಿಲ್ಲಬೇಕು. ಅದನ್ನು ತಾನು ಕಣ್ಣಾರೆ ನೋಡಬೇಕು.

ಹದಿನೈದು ದಿನ ಕಳೆದ ಮೇಲೆ ಕಟಾವು ಯಂತ್ರದ ಕಂಪನಿಯಿಂದ ಕಾಗದ ಬಂತು. ಹೊಸ ಯಂತ್ರಗಳಲ್ಲಿ ಕಂಪ್ಯೂಟರ್ ಇರುತ್ತದೆ, ತಮ್ಮ ಕೇಂದ್ರದಲ್ಲಿ ಹದಿನಾರು ವಾರ ತರಬೇತಿ ಪಡೆದ ಟೆಕ್ನಿಷಿಯನ್ ಇಲ್ಲದ ವರ್ಕ್‌ಶಾಪ್ ಅವನ್ನು ಮುಟ್ಟುವಂತಿಲ್ಲ, ವರ್ಕ್‌ಶಾಪಿಗೆ ಒಂದೇ ಸೀಟು ಎಂದು ಬರೆದಿತ್ತು. ರಸ್ತೆಯ ಆಚೆ ಬದಿಯ ವರ್ಕ್‌ಶಾಪಿಗೂ ಅದೇ ಕಾಗದ ಬಂದಿತ್ತು. ಮೇಸ್ತ್ರಿ ಸಾಹೇಬನ ಹೆಸರು ಬರೆಸಿದರು. ಸಾಹೇಬ ಹೊಸ ಬೂಟು ಹಾಕಿಕೊಂಡು ಹೋದವನು ನಾಲ್ಕನೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಮನೆಯಲ್ಲಿದ್ದ.

"ಏನಾಯ್ತೋ?" ಎಂದರು ಅತ್ತೆ.

"ಮೂರು ದಿನದಿಂದ ಸೀಮೆಎಣ್ಣೇಲಿ ಬೇರಿಂಗ್ ತೊಳೆಸ್ತಿದ್ದಾರಮ್ಮ. ನೋಡು ನನ್ನ ಕೈ. ಅದೂ ಒಂದು ಹೆಂಗಸು ಪಾಠ ಹೇಳೋದು! ನಾನು ಹೋಗಲ್ಲ."

"ನಾನು ಹೋಗ್ತೀನಿ" ಎಂದಳು ಸೊಸೆ.

ಯಾರಿಗೂ ಅರ್ಥವಾಗಲಿಲ್ಲ. ಅವಳು ಇನ್ನೊಂದು ಸಲ ಹೇಳಿದಳು.

ಮೇಸ್ತ್ರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. "ನೀನು? ಹದಿಮೂರು? ಅಲ್ಲಿ ಎಂಜಿನ್ ಬಿಚ್ಚಿಸ್ತಾರೆ ಕಣಮ್ಮ, ರವಿಕೆ ಹೊಲಿಸಲ್ಲ."

"ಸೋಮವಾರದೊಳಗೆ ಯಾರೂ ಹೋಗ್ಲಿಲ್ಲ ಅಂದ್ರೆ ಸೀಟು ಹೋಗತ್ತೆ ಮಾವ. ಕಾಗದದಲ್ಲೇ ಬರೆದಿದೆ. ಎದುರು ವರ್ಕ್‌ಶಾಪಿನವರು ಮಗನ್ನ ಕಳಿಸಿದ್ದಾರೆ. ಅವನು ವಾಪಸ್ ಬಂದಿಲ್ಲ."

"ಅಡುಗೆ ಯಾರು ಮಾಡ್ತಾರೆ?" ಎಂದರು ಅತ್ತೆ. "ಈ ಮೂರು ಜನರ ಗ್ರೀಸ್ ಬಟ್ಟೆ ಯಾರು ಒಗೀತಾರೆ? ನನ್ನ ಸೊಂಟ ನೆಟ್ಟಗಿದ್ಯಾ?"

"ಬೆಳಿಗ್ಗೆ ಅಡುಗೆ ಮುಗಿಸಿ ಬಸ್ ಹತ್ತೀನಿ. ಸಂಜೆ ಬಂದು ಪಾತ್ರೆ ತೊಳೀತೀನಿ. ಬಟ್ಟೆ ಮಾತ್ರ ನೀವು ನೋಡ್ಕೊಳ್ಳಿ ಅತ್ತೆ. ಹದಿನಾರು ವಾರ ಅಷ್ಟೇ."

ಎದುರು ವರ್ಕ್‌ಶಾಪಿನ ಹೆಸರು ಕೇಳಿದರೆ ಮೇಸ್ತ್ರಿಯ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೇ ಒಪ್ಪಿದರು. ಒಪ್ಪಿ, ಫಾರಂ ತುಂಬಲು ಪೆನ್ನು ಹಿಡಿದು ಕೂತರು. "ಲೇ ಕಿವುಡಿ" ಎಂದು ಹೆಂಡತಿಯನ್ನು ಕರೆದು, "ಇವಳ ಹೆಸರೇನೇ?" ಎಂದರು. ಸೊಸೆ ಬಂದು ಪೆನ್ನು ಕಿತ್ತುಕೊಂಡು ತಾನೇ ಬರೆದಳು.

ತರಬೇತಿ ಕೇಂದ್ರ ಒಂದು ದೊಡ್ಡ ತಗಡಿನ ಶೆಡ್ಡು. ಹತ್ತೊಂಬತ್ತು ಗಂಡಸರು, ಇವಳು ಒಬ್ಬಳು. ಪಾಠ ಹೇಳುವ ಮೇಡಂ ಕುಳ್ಳಗಿದ್ದರು, ಯಾವಾಗಲೂ ಮೂಗು ಕಟ್ಟಿರುತ್ತಿತ್ತು, ಬಾಯಿ ಮಾತ್ರ ಕಟ್ಟಿರಲಿಲ್ಲ. ಅವರದೊಂದು ನಿಯಮ. ಕೆಲಸದಲ್ಲಿ ಯಾರು ಏನು ಕೇಳಿದರೂ, ಕೇಳಿದ್ದನ್ನು ಮೊದಲು ತಿರುಗಿ ಹೇಳಬೇಕು, ಆಮೇಲೆ ಕೊಡಬೇಕು. "ಹತ್ತು-ಹನ್ನೊಂದು ಕೊಡಿ" ಎಂದರೆ, "ಹತ್ತು-ಹನ್ನೊಂದು, ಒಂದು" ಎಂದು ಹೇಳಿಯೇ ಕೈಗಿಡಬೇಕು. "ಕಿವಿ ನಂಬಬೇಡಿ. ಬಾಯಲ್ಲಿ ಹೇಳಿ ಖಾತ್ರಿ ಮಾಡ್ಕೊಳ್ಳಿ. ಎಂಜಿನ್ ಓಡುವಾಗ ತಪ್ಪು ಕೇಳಿಸ್ಕೊಂಡ್ರೆ ಬೆರಳು ಹೋಗತ್ತೆ" ಎನ್ನುತ್ತಿದ್ದರು.

ಈ ಒಂದು ನಿಯಮ ಎಂಟು ವರ್ಷದ ಹಿಂದೆ ಯಾರಾದರೂ ಹೇಳಿಕೊಟ್ಟಿದ್ದರೆ ಎಂದು ನೆನೆಸಿಕೊಂಡಾಗ ಅವಳಿಗೆ ಅಳು ಬರಲಿಲ್ಲ. ಸಿಟ್ಟು ಇನ್ನಷ್ಟು ಗಟ್ಟಿಯಾಯಿತು.

ಎರಡನೆಯ ವಾರ ಮೇಡಂ ಹೊಸ ಯಂತ್ರದ ಕಂಪ್ಯೂಟರ್ ಪೆಟ್ಟಿಗೆ ತೋರಿಸುತ್ತಿದ್ದರು. ಅದರ ಮುಚ್ಚಳದ ಸ್ಕ್ರೂಗಳ ತಲೆಯಲ್ಲಿ ಆರು ಮೂಲೆಯ ನಕ್ಷತ್ರದಂಥ ತೂತು. ಹಳೆಯ ಸ್ಪ್ಯಾನರ್ ಯಾವುದೂ ನಡೆಯುವುದಿಲ್ಲ. ಅದಕ್ಕೆಂದೇ ಬೆರಳುದ್ದದ ಬಿಟ್‌ಗಳು ಇದ್ದವು. ಅವಕ್ಕೆ ಹೆಸರು ಇಂಗ್ಲಿಷಿನ ಟೀ ಅಕ್ಷರ, ಮುಂದೆ ಒಂದು ಸಂಖ್ಯೆ. ಮೇಡಂ ಕೈ ಚಾಚಿ, "ಟೀ ಮೂವತ್ತು!" ಎಂದರು. ಮೂವತ್ತು ವರ್ಷ ಟ್ರ್ಯಾಕ್ಟರ್ ಬಿಚ್ಚಿದ್ದ ದಪ್ಪ ಮೀಸೆಯವನೊಬ್ಬ ಎದ್ದು ಸೀದಾ ಕ್ಯಾಂಟೀನ್ ಕಡೆ ಹೊರಟ. "ಮೇಡಂ, ನಾವಿರೋದು ಇಪ್ಪತ್ತು ಜನ, ಮೂವತ್ತು ಯಾಕೆ?" ಎಂದು ಬಾಗಿಲಲ್ಲಿ ತಿರುಗಿ ಕೇಳಿದ.

ಶೆಡ್ಡೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ಸೊಸೆಯೊಬ್ಬಳೇ ನಗಲಿಲ್ಲ. ನೋಟ್‌ಬುಕ್ ತೆರೆದು ಗುಂಡಗೆ ಬರೆದುಕೊಂಡಳು: ಟೀ ಮೂವತ್ತು. ಕೆಳಗೆ ಎರಡು ಗೆರೆ ಎಳೆದಳು.

ಮನೆಯಲ್ಲಿ ವಾರಗಳು ಜಗಳದ ಮೇಲೆ ಜಗಳವಾಗಿ ಸರಿದವು. ಒಂದು ದಿನ ಅನ್ನ ಮುದ್ದೆಯಾಯಿತು ಎಂದು, ಇನ್ನೊಂದು ದಿನ ಸೊಪ್ಪಿಗೆ ಉಪ್ಪಿಲ್ಲ ಎಂದು. "ಟೆಕ್ನಿಷಿಯನ್ ಕೈಯ ಅಡುಗೆ, ಡೀಸೆಲ್ ವಾಸನೆ" ಎಂದು ಸಾಹೇಬ ಮೂಗು ಮುಚ್ಚಿಕೊಂಡ. "ಸೀಮೆಎಣ್ಣೆಗಿಂತ ವಾಸಿ, ಉಣ್ಣು" ಎಂದಳು ಸೊಸೆ. ಅವಳ ಬಾಯಿಗೆ ಹರಿತ ಬಂದಿತ್ತು.

ಅತ್ತೆ ಹಿತ್ತಲಿನ ಕಲ್ಲಿನ ಮೇಲೆ ಗ್ರೀಸ್ ಬಟ್ಟೆ ತಿಕ್ಕಿ ತಿಕ್ಕಿ ಗೊಣಗಿದರು. ಮೊದಲ ವಾರ ಸೊಸೆಯನ್ನು ಬೈದರು. ಐದನೆಯ ವಾರಕ್ಕೆ ಬಟ್ಟೆಯನ್ನು ಬೈದರು. ಎಂಟನೆಯ ವಾರಕ್ಕೆ, ಬೆರಳ ಗಂಟೆಲ್ಲ ಸುಲಿದ ಮೇಲೆ, ಆ ಬಟ್ಟೆಯನ್ನು ಕೊಳೆ ಮಾಡಿದವರನ್ನು ಬೈಯತೊಡಗಿದರು. ಒಂದು ಸಂಜೆ ಅವರಾಗಿಯೇ ಅಡುಗೆಮನೆಯ ಮಣೆಯ ಮೇಲೆ ಕೂತು, "ಆ ಪುಸ್ತಕ ಕೊಡು ಇಲ್ಲಿ. ನೀನು ಈರುಳ್ಳಿ ಹೆಚ್ಚು, ನಾನು ಕೇಳ್ತೀನಿ, ನೀನು ಹೇಳು" ಎಂದರು. ಅಂದಿನಿಂದ ಪ್ರತಿ ಸಂಜೆ ಅತ್ತೆ ಪ್ರಶ್ನೆ ಕೇಳುವುದು, ಸೊಸೆ ಒಲೆಯ ಮುಂದೆ ಉತ್ತರ ಹೇಳುವುದು.

"ಟೀ ಮೂವತ್ತು ಅಂದ್ರೆ ಏನೇ ಇದು? ಕೆಳಗೆ ಎರಡು ಗೆರೆ ಎಳೆದಿದ್ದೀಯ?"

ಸೊಸೆ ಮೀಸೆಯವನ ಕಥೆ ಹೇಳಿದಳು. ಅತ್ತೆ ನಗಲಿಲ್ಲ. ಆ ಎರಡು ಗೆರೆಗಳ ಮೇಲೆ ಬೆರಳಾಡಿಸಿ, "ಹೂಂ" ಎಂದು ಪುಟ ತಿರುವಿದರು.

ಹದಿನಾರನೆಯ ವಾರ ಒಂದು ಎಡವಟ್ಟಾಯಿತು. ಕೇಂದ್ರದವರು ಪ್ರತಿಯೊಬ್ಬರಿಗೂ ಒಂದು ಟೂಲ್ ಬ್ಯಾಗ್ ಕೊಟ್ಟಿದ್ದರು. ಪರೀಕ್ಷೆಯ ಬೆಳಿಗ್ಗೆ ಅದರ ಪ್ರತಿ ಸಾಮಾನನ್ನೂ ಮೇಜಿನ ಮೇಲೆ ಜೋಡಿಸಿ ತೋರಿಸಬೇಕು. ಒಂದು ಕಡಿಮೆಯಿದ್ದರೂ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆಗೆ ಎರಡು ದಿನ ಇರುವಾಗ ಸೊಸೆ ಬ್ಯಾಗ್ ತೆರೆದರೆ ಹನ್ನೆರಡು-ಹದಿಮೂರು ಇರಲಿಲ್ಲ. ಮಂಚದ ಕೆಳಗೆ ಹುಡುಕಿದಳು, ಬಸ್ ನಿಲ್ದಾಣದವರೆಗೂ ನಡೆದು ರಸ್ತೆ ನೋಡಿಕೊಂಡು ಬಂದಳು. ಮೇಸ್ತ್ರಿ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಏನು ಹುಡುಕ್ತಿದ್ದೀಯ?"

"ಹನ್ನೆರಡು-ಹದಿಮೂರು ಸ್ಪ್ಯಾನರ್, ಮಾವ."

"ಎಷ್ಟು ಬೇಕು? ಹನ್ನೆರಡೋ, ಹದಿಮೂರೋ?" ಎಂದು ಒಳಗಿದ್ದವರಿಗೆಲ್ಲ ಕೇಳುವಂತೆ ನಕ್ಕರು. ಮೂಲೆಯಲ್ಲಿ ಮುಖವಾಡ ಕೆಳಗಿಳಿಯಿತು.

ಮರುದಿನ ಬೆಳಿಗ್ಗೆ ಬಟ್ಟೆ ನೆನೆಹಾಕುವಾಗ ಅತ್ತೆಯ ಕೈಗೆ ಗಂಡನ ಪ್ಯಾಂಟಿನ ಜೇಬಿನಲ್ಲಿ ಗಟ್ಟಿಯಾದದ್ದೇನೋ ಸಿಕ್ಕಿತು. ಕೇಂದ್ರದ ನೀಲಿ ಬಣ್ಣ ಬಳಿದ ಸ್ಪ್ಯಾನರ್. ಅವರು ಅದನ್ನು ಒದ್ದೆ ಕೈಯಲ್ಲೇ ಹಿಡಿದು ಗಂಡನ ಮುಂದೆ ನಿಂತರು.

"ಇದೇನ್ರೀ?"

"ತಮಾಷೆಗೆ ಇಟ್ಕೊಂಡಿದ್ದೆ ಕಣೇ. ನಾಳೆ ಕೊಡ್ತಿದ್ದೆ. ಅವಳ ಮುಖ ನೋಡ್ಬೇಕಿತ್ತು ನೀನು!"

"ಮರೆತುಬಿಟ್ಟಿದ್ರೆ? ಅವಳ ಹದಿನಾರು ವಾರ, ನನ್ನ ಬೆರಳು, ಎಲ್ಲಾ ನೀರುಪಾಲು."

"ಎಲ್ಲಾದಕ್ಕೂ ಅಳ್ತೀರಪ್ಪ ಈ ಮನೆ ಹೆಂಗಸರು. ಹೋಗು, ಕಾಫಿ ತಾ. ಕೇಳಿಸ್ತಾ, ಕಿವುಡಿ?"

"ಕೇಳಿಸ್ತು" ಎಂದರು ಅತ್ತೆ. ಸ್ಪ್ಯಾನರ್ ತಂದು ಸೊಸೆಯ ಕೈಗಿಟ್ಟು, "ಹನ್ನೆರಡು-ಹದಿಮೂರು, ಒಂದು" ಎಂದರು.

ಪರೀಕ್ಷೆ ಸುಸೂತ್ರವಾಗಿ ಮುಗಿಯಿತು. ಇಪ್ಪತ್ತು ಜನರಲ್ಲಿ ಸೊಸೆ ಎರಡನೆಯವಳಾಗಿ ಪಾಸಾದಳು. ಎದುರು ವರ್ಕ್‌ಶಾಪಿನ ಮಗ ಹನ್ನೊಂದನೆಯವನು. ಇನ್ನು ಉಳಿದದ್ದು ಒಂದೇ. ಕಂಪನಿಯ ಅಧಿಕಾರಿ ವರ್ಕ್‌ಶಾಪಿಗೇ ಬಂದು, ಕೆಟ್ಟ ಯಂತ್ರವೊಂದನ್ನು ಅರ್ಧ ಗಂಟೆಯಲ್ಲಿ ಸರಿಮಾಡುವುದನ್ನು ನೋಡಿ, ಅನುಮತಿ ಪತ್ರಕ್ಕೆ ಸಹಿ ಹಾಕಬೇಕು.

ಆ ದಿನ ವರ್ಕ್‌ಶಾಪಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹೆಂಗಸು ಕಟಾವು ಯಂತ್ರ ಬಿಚ್ಚುತ್ತಾಳಂತೆ ಎಂದು ರೈತರೆಲ್ಲ ಬಂದಿದ್ದರು. ಎಂಟು ವರ್ಷದ ಹಿಂದೆ ಬುಟ್ಟಿ ನೋಡಿ ನಕ್ಕವರಲ್ಲಿ ನಾಲ್ಕೈದು ಮಂದಿಯಾದರೂ ಇದ್ದರು. ಸೊಸೆ ಅವರ ಮುಖಗಳನ್ನು ಗುರುತು ಹಿಡಿದು, ಅವರು ಬಂದದ್ದು ಒಳ್ಳೆಯದೇ ಆಯಿತು ಎಂದುಕೊಂಡಳು.

"ಸಾಮಾನು ಎತ್ತಿಕೊಡೋಕೆ ಒಬ್ಬರನ್ನ ಇಟ್ಕೋಬಹುದು" ಎಂದರು ಅಧಿಕಾರಿ. "ಕೇಳಿದ್ದು ಕೊಡೋದು ಅಷ್ಟೇ, ಬೇರೆ ಸಹಾಯ ಮಾಡೋ ಹಾಗಿಲ್ಲ."

ಗಂಡ ಒಂದು ಹೆಜ್ಜೆ ಮುಂದಿಟ್ಟ. ಮೇಸ್ತ್ರಿ ಅವನನ್ನು ಪಕ್ಕಕ್ಕೆ ಸರಿಸಿದರು. "ನಾನಿರ್ತೀನಿ. ನಲವತ್ತು ವರ್ಷದ ಸರ್ವಿಸ್ ಸಾರ್ ನಂದು. ಇವಳು ಕೇಳೋದ್ರಲ್ಲಿ ನಂಗೆ ಗೊತ್ತಿಲ್ಲದ್ದು ಏನಿರತ್ತೆ?"

ಅವರು ಹಾಗೇ ಹೇಳುತ್ತಾರೆಂದು ಸೊಸೆಗೆ ಹದಿನಾಲ್ಕು ವಾರದಿಂದ ಗೊತ್ತಿತ್ತು. ಅವಳು ಯಂತ್ರದ ಅಡಿಗೆ ಸರಿದು ಮಲಗಿದಳು. ಅವಳ ಅಂಗಿಯ ಜೇಬಿನಲ್ಲಿ ಬೆರಳುದ್ದದ ಒಂದು ಬಿಟ್ ಇತ್ತು.

"ಮಾವ, ಹದಿನಾಲ್ಕು-ಹದಿನೈದು."

"ಹಿಡಿ!" ಮೇಸ್ತ್ರಿ ಗೋಡೆ ನೋಡದೆಯೇ ತೆಗೆದುಕೊಟ್ಟರು. ಜನರ ಕಡೆ ತಿರುಗಿ ಹುಬ್ಬು ಹಾರಿಸಿದರು.

"ಕಟಿಂಗ್ ಪ್ಲೇಯರ್."

"ಹಿಡಿ!"

"ಟೀ ಮೂವತ್ತು! ಬೇಗ, ಮಾವ!"

ಮೇಸ್ತ್ರಿಯ ಕೈ ಗೋಡೆಯ ಕಡೆಗೆ ಹೋಗಿ ಅರ್ಧದಲ್ಲಿ ನಿಂತಿತು. ಜನರ ಕಡೆ ನೋಡಿದರು. ಲೆಕ್ಕ ಹಾಕಿದರೆ ಮೂವತ್ತು ಮಂದಿ ಇದ್ದೇ ಇದ್ದರು. ಬಂದವರಿಗೆ ಏನೂ ಕೊಟ್ಟಿಲ್ಲವಲ್ಲ ಎಂಬುದೂ ಹೊಳೆಯಿತು. ಆದರೂ ಒಂದು ಅನುಮಾನ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಹತ್ತಿರ ಹೋಗಿ ಮೆಲ್ಲಗೆ, "ಏನಂದ್ಲೇ ಅವಳು?" ಎಂದರು.

ಅತ್ತೆ ಮುಖದ ಒಂದು ಗೆರೆಯನ್ನೂ ಅಲ್ಲಾಡಿಸಲಿಲ್ಲ. "ಟೀ ಮೂವತ್ತು ಅಂದ್ಲು ರೀ. ಕಿವುಡಿಗೇ ಕೇಳಿಸ್ತು, ನಿಮಗೆ ಕೇಳಿಸ್ಲಿಲ್ವಾ? ಬೇಗ ಹೋಗಿ."

ಮೇಸ್ತ್ರಿ ದಾಪುಗಾಲು ಹಾಕಿಕೊಂಡು ಬೀದಿ ಕೊನೆಯ ಟೀ ಅಂಗಡಿಗೆ ಹೋದರು. ಅಧಿಕಾರಿ ಆಶ್ಚರ್ಯದಿಂದ ಅವರ ಬೆನ್ನು ನೋಡಿದರು, ಗಡಿಯಾರ ನೋಡಿದರು. ಸೊಸೆ ಜೇಬಿನಿಂದ ಬಿಟ್ ತೆಗೆದು ನಾಲ್ಕು ಸ್ಕ್ರೂ ಬಿಚ್ಚಿ, ತುಕ್ಕು ಹಿಡಿದಿದ್ದ ತಂತಿಯ ತುದಿ ಕತ್ತರಿಸಿ ಹೊಸದು ಜೋಡಿಸಿ, ಮುಚ್ಚಳ ಮುಚ್ಚಿದಳು. ಯಂತ್ರ ಗುಡುಗಿಕೊಂಡು ಶುರುವಾಯಿತು. ಇಪ್ಪತ್ತೆರಡು ನಿಮಿಷ. ಅವಳು ಅದನ್ನು ಆರಿಸಿ, ಕೈ ಒರೆಸಿಕೊಳ್ಳುತ್ತ, ಕಾಯುತ್ತ ನಿಂತಳು.

ಮೇಸ್ತ್ರಿ ಬಂದರು. ಕೈಯಲ್ಲೊಂದು ಟ್ರೇ, ಹಿಂದೆ ಟೀ ಅಂಗಡಿಯವನ ಕೈಯಲ್ಲೊಂದು ಟ್ರೇ. ಬೆವರು ಸುರಿಯುತ್ತಿತ್ತು. "ಬಂತು ಬಂತು! ಟೀ ಮೂವತ್ತು! ಎಣಿಸಿ ತಂದಿದ್ದೀನಿ, ಒಂದೂ ಕಡಿಮೆ ಇಲ್ಲ!"

ಸೊಸೆ ಅಂಗೈ ಬಿಡಿಸಿ ಆ ಚಿಕ್ಕ ಬಿಟ್ ತೋರಿಸಿದಳು. "ಟೀ ಮೂವತ್ತು ಅಂದ್ರೆ ಇದು, ಮಾವ."

ಹಳಬನೊಬ್ಬನಿಗೆ ಮೊದಲು ಹೊಳೆಯಿತು. "ಎಣಿಸ್ಕೊಂಡು ತಂದಿದ್ದಾರಲ್ರೋ! ಮೂವತ್ತು! ಎಣಿಸ್ಕೊಂಡು!" ಎಂದು ಅವನು ಕೂಗಿದ್ದೇ ತಡ, ಇಡೀ ಬೀದಿ ನಕ್ಕಿತು. ಅಧಿಕಾರಿ ಕರವಸ್ತ್ರ ಬಾಯಿಗಿಟ್ಟುಕೊಂಡರು. ಸಾಹೇಬ ಯಂತ್ರದ ಹಿಂದೆ ಹೋಗಿ ನಕ್ಕ. ಟ್ರೇ ಹಿಡಿದ ಮೇಸ್ತ್ರಿ ಇಳಿಸಲೂ ಆಗದೆ ಹಿಡಿಯಲೂ ಆಗದೆ ನಿಂತರು, ಲೋಟಗಳು ಒಂದಕ್ಕೊಂದು ತಾಗಿ ಗಿಲಿಗಿಲಿ ಎಂದವು. ಸೊಸೆ ಹತ್ತಿರ ಹೋಗಿ ಅದರಿಂದ ಒಂದು ಲೋಟ ಎತ್ತಿಕೊಂಡಳು. ಅಷ್ಟು ರುಚಿಯಾದ ಟೀಯನ್ನು ಅವಳು ಹುಟ್ಟಿದಾಗಿನಿಂದ ಕುಡಿದಿರಲಿಲ್ಲ.

ಅಧಿಕಾರಿ ಪತ್ರ ಬಿಡಿಸಿ, "ಟೆಕ್ನಿಷಿಯನ್ ಹೆಸರು ಹೇಳಿ" ಎಂದು ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ಬಾಯಿ ತೆರೆದು "ಹದಿ" ಎಂಬಲ್ಲಿಗೆ ನಿಂತರು. ಈ ಸಲವೂ ಸೊಸೆಯೇ ಬರೆದಳು.

ಆ ಸಂಜೆ ಗಂಡ ಹಿತ್ತಲಲ್ಲಿ ಅವಳ ಪಕ್ಕ ಬಂದು ನಿಂತ. "ಬಿಟ್ ನಿನ್ನ ಹತ್ರಾನೇ ಇತ್ತಲ್ವಾ?"

"ಇತ್ತು."

"ಅಪ್ಪಂಗೆ ವಯಸ್ಸಾಯ್ತು ಕಣೆ. ಇಷ್ಟು ಸಾಕಲ್ವಾ?"

"ನಿಮ್ಮ ಮುಖವಾಡ ಎಲ್ಲಿ?" ಎಂದಳು ಅವಳು. "ಹೋಗಿ, ಇಳಿಸ್ಕೊಳ್ಳಿ."

ಹೊಸ ಯಂತ್ರಗಳು ಬರತೊಡಗಿದವು. ಸೊಸೆ ವರ್ಕ್‌ಶಾಪಿನ ಗೋಡೆಗೆ ಒಂದು ಹಲಗೆ ಹೊಡೆದಳು: "ಕೇಳಿದ್ದನ್ನು ತಿರುಗಿ ಹೇಳಿ, ಆಮೇಲೆ ಕೊಡಿ." ಕಂಪನಿಯ ಯಂತ್ರದ ಹತ್ತಿರ ಕೆಲಸ ಮಾಡುವವರಿಗೆಲ್ಲ ಅದು ಕಡ್ಡಾಯ, ಮೇಸ್ತ್ರಿಗೂ. "ಹತ್ತು-ಹನ್ನೊಂದು, ಒಂದು" ಎಂದು ಅವರು ಹಲ್ಲು ಕಚ್ಚಿಕೊಂಡು ಹೇಳಿಯೇ ಕೊಡಬೇಕಿತ್ತು. ಹೇಳದಿದ್ದರೆ ಸೊಸೆ ಚಾಚಿದ ಕೈಯನ್ನು ಹಾಗೆಯೇ ಚಾಚಿಕೊಂಡಿರುತ್ತಿದ್ದಳು. ರೈತರು ಗೇಟಿನಲ್ಲಿಯೇ, "ಏನು ಟೀ ಮೂವತ್ತು, ಆರಾಮಾ?" ಎನ್ನುತ್ತಿದ್ದರು. ಹಾಲಿನವನು ಟೀ ಮೂವತ್ತಪ್ಪ ಎಂದ. ಸೊಸೆಯನ್ನು ಹದಿಮೂರು ಎನ್ನುವುದು ಯಾವಾಗ ನಿಂತಿತೋ ಯಾರಿಗೂ ಗೊತ್ತಾಗಲಿಲ್ಲ.

ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಈಗ ಸೊಸೆಯೂ ಎಲ್ಲರ ಜೊತೆಯೇ ಕೂರುತ್ತಿದ್ದಳು. ನೀರಿನ ಕೊಡ ಮೇಸ್ತ್ರಿಯ ಪಕ್ಕದಲ್ಲಿತ್ತು. ಮಗು ಬಾಯಿ ತುಂಬ ಅನ್ನ ಇಟ್ಟುಕೊಂಡು, "ಟೀ ಮೂವತ್ತು, ನೀರು ಕೊಡು" ಎಂದಿತು.

ಮೊದಲು ನಕ್ಕವರು ಅತ್ತೆ. ಮೂವತ್ತೈದು ವರ್ಷದಲ್ಲಿ ಆ ಮನೆಯಲ್ಲಿ ಅವರು ಗಟ್ಟಿಯಾಗಿ ನಕ್ಕಿದ್ದನ್ನು ಯಾರೂ ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಸಾಹೇಬ ತಲೆ ತಗ್ಗಿಸಿದ. ಮೇಸ್ತ್ರಿಯ ಕೈ ತಟ್ಟೆಯ ಮೇಲೇ ನಿಂತಿತ್ತು. ಅವರು ಸೊಸೆಯ ಮುಖ ನೋಡಿದರು, ಮಗುವಿಗೆ ಅವಳು ಒಂದು ಮಾತು ಹೇಳಿಯಾಳೇನೋ ಎಂದು ಕಾದರು. ಆ ನೋಟ ಅವಳಿಗೆ ಚೆನ್ನಾಗಿ ಪರಿಚಯವಿತ್ತು.

ಅವಳು ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದಳು.

"ಮಗು ತಾನೇ, ಬಿಡಿ ಮಾವ" ಎಂದಳು. "ನೀರು ಕೊಡಿ ಅದಕ್ಕೆ."

ಮೇಸ್ತ್ರಿ ಲೋಟ ತೆಗೆದುಕೊಂಡರು. ಕೊಡದ ಕಡೆ ತಿರುಗಿದವರು ಏನೋ ನೆನಪಾದಂತೆ ಒಂದು ಗಳಿಗೆ ನಿಂತರು.

"ನೀರು" ಎಂದರು. "ಒಂದು ಲೋಟ."